ಕೈಗೆ ಕೊಟ್ಟರೆ ತೆಗೆದುಕೊಳ್ಳಬಾರದು

“ತಗೋ ಅಣ್ಣ, ಬಿಸಿ ಇದೆ.”

ಚೆಪೆ ಎರಡೂ ಕೈಯಲ್ಲಿ ಚಾಕಲೇಟಿನ ಲೋಟ ಹಿಡಿದು ನಿಂತಿದ್ದ. ವಿಲ್ಮರ್ ತನ್ನ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ.

“ಟೇಬಲ್ ಮೇಲಿಡು.”

“ಟೇಬಲ್ ಒದ್ದೆಯಾಗಿದೆ.”

“ಒದ್ದೆಯಾದ್ರೆ ಟೇಬಲ್‌ಗೇನು ನೆಗಡಿ ಬರಲ್ಲ. ಇಡು.”

“ಕೈ ಸುಡ್ತಿದೆ ಅಣ್ಣಾ! ಬೇಗ ಹಿಡ್ಕೋ!”

“ಸುಡಲಿ. ನಿನ್ನೆಯೂ ಇದೇ ನಾಟಕ, ಮೊನ್ನೆಯೂ ಇದೇ ನಾಟಕ. ಹೋಗಿ ಬೇರೆ ನಾಟಕ ಕಲ್ತುಕೊಂಡು ಬಾ.”

ಚೆಪೆ ತುಟಿ ಉಬ್ಬಿಸಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದ. ವಿಲ್ಮರ್ ಎತ್ತಿ ಕುಡಿದು ನೋಡಿದರೆ ಚಾಕಲೇಟು ಯಾವಾಗಲೋ ತಣ್ಣಗಾಗಿತ್ತು. ಪಾಪ, ಬೆಳಿಗ್ಗೆ ಆರೂವರೆಯಿಂದ ಅಣ್ಣ ಏಳುವುದನ್ನೇ ಕಾಯುತ್ತ ಅವನು ಅದನ್ನು ಹಿಡಿದುಕೊಂಡಿದ್ದ.

ಡಿಸೆಂಬರ್ ಹದಿನಾರರಿಂದ ಇಪ್ಪತ್ತನಾಲ್ಕರವರೆಗೆ, ಒಂಬತ್ತು ದಿನ, ಆ ಊರಿನಲ್ಲಿ ಎರಡು ಕೆಲಸ ನಡೆಯುತ್ತವೆ. ಸಂಜೆ, ಯೇಸು ಹುಟ್ಟಿದ ಕೊಟ್ಟಿಗೆಯಂತೆ ಕಟ್ಟಿದ ಗೋದಲಿಯ ಮುಂದೆ ಜಪ. ಹಗಲೆಲ್ಲ ಪಂದ್ಯ. ಪಂದ್ಯದಲ್ಲಿ ಹಲವು ಬಗೆ. ಅಣ್ಣ ತಮ್ಮ ಆರಿಸಿಕೊಂಡದ್ದು ಎಲ್ಲಕ್ಕಿಂತ ಸುಲಭದ್ದು: ಎದುರಾಳಿ ಏನೇ ಕೈಗೆ ಕೊಟ್ಟರೂ ತೆಗೆದುಕೊಳ್ಳಬಾರದು. ಮರೆತು ತೆಗೆದುಕೊಂಡರೆ ಕೊಟ್ಟವನು “ನನ್ನ ಅಗಿನಾಲ್ದೊ!” ಎಂದು ಕೂಗುತ್ತಾನೆ. ಅಲ್ಲಿಗೆ ಸೋಲು. ಸೋತವನು ಗೆದ್ದವನಿಗೆ ಕ್ರಿಸ್‌ಮಸ್ಸಿನ ಉಡುಗೊರೆ ಕೊಡಬೇಕು. ಅದಕ್ಕೇ ಅಗಿನಾಲ್ದೊ ಎನ್ನುವುದು.

ಈ ವರ್ಷದ ಉಡುಗೊರೆ ಮಾತ್ರ ಸುಲಭದ್ದಲ್ಲ. ಅದು ಅಜ್ಜಿಯ ಗಿಲಕಿ.

ಸೀಬೆ ಕೊಂಬೆಯ ಕವೆ. ಅದರ ಎರಡು ತುದಿಗೆ ಬಿಗಿದ ತಂತಿ. ತಂತಿಗೆ ಪೋಣಿಸಿದ ಇಪ್ಪತ್ತಮೂರು ಸೋಡಾ ಮುಚ್ಚಳಗಳು, ಒಂದೊಂದನ್ನೂ ಅಜ್ಜಿ ಕಲ್ಲಿನ ಮೇಲಿಟ್ಟು ಜಜ್ಜಿ ಚಪ್ಪಟೆ ಮಾಡಿದ್ದು. ಜಪದ ಹಾಡಿಗೆ ಅದನ್ನು ಕುಲುಕಿದರೆ ಬೀದಿಯ ಕೊನೆಯವರೆಗೂ ಕೇಳುತ್ತಿತ್ತು. ಅಜ್ಜಿ ಜೂನ್‌ನಲ್ಲಿ ತೀರಿಕೊಂಡಳು. ಗಿಲಕಿ ಒಂದು, ಮೊಮ್ಮಕ್ಕಳು ಇಬ್ಬರು. ಅರ್ಧ ಮಾಡಲು ಬರುವುದಿಲ್ಲ. “ಪಂದ್ಯ ಗೆದ್ದವನಿಗೆ” ಎಂದು ವಿಲ್ಮರನೇ ಹೇಳಿದ್ದ. ಅವನಿಗೆ ಹತ್ತು ವರ್ಷ, ಚೆಪೆಗೆ ಆರು. ಹತ್ತು ವರ್ಷದವನು ಆರು ವರ್ಷದವನ ಜೊತೆ ಪಂದ್ಯ ಕಟ್ಟುವುದು ನ್ಯಾಯವೇ ಎಂದು ಯಾರೂ ಕೇಳಲಿಲ್ಲ. ಕೇಳಬಾರದೆಂದೇ ಅವನು ಗಿಲಕಿಯ ಪಣದ ಮಾತು ಯಾರಿಗೂ ಹೇಳಿರಲಿಲ್ಲ.

ಒಂದೇ ದಿನದಲ್ಲಿ ಗೆದ್ದುಬಿಡುತ್ತೇನೆ ಎಂದುಕೊಂಡಿದ್ದ. ಆದರೆ ಚೆಪೆ ದಡ್ಡನಾಗಿರಲಿಲ್ಲ. ಮೊದಲ ದಿನವೇ ಹೆಗಲಿನಿಂದ ಇಳಿಬೀಳುವ ತನ್ನ ಉಣ್ಣೆಯ ಹೊದಿಕೆ ರುವಾನಾ ಹಾಕಿಕೊಂಡು ಎರಡೂ ಕೈಗಳನ್ನು ಅದರೊಳಗೆ ಎಳೆದುಕೊಂಡುಬಿಟ್ಟ. ತೋಳು ಮುರಿದ ಬೊಂಬೆಯ ಹಾಗೆ ಮನೆಯೆಲ್ಲ ಓಡಾಡಿದ. ಅಣ್ಣನಿಗೆ ಏನಾದರೂ ಕೊಡುವುದಿದ್ದರೆ ಮಾತ್ರ ಕೈಗಳು ಆಮೆಯ ತಲೆಯಂತೆ ಹೊರಗೆ ಬರುತ್ತಿದ್ದವು.

ಎರಡನೆಯ ದಿನ ವಿಲ್ಮರ್ ಅವನ ಮೂಗಿನ ಮುಂದೆ ಒಂದು ಕೊಬ್ಬರಿ ಮಿಠಾಯಿ ಹಿಡಿದ.

“ಬೇಕಾ?”

“ಬೇಕು.”

“ಹಾಗಾದ್ರೆ ತಗೋ.”

ಚೆಪೆ ಯೋಚಿಸಿದ. ಆಮೇಲೆ ಬಾಯಿ ಅಗಲಿಸಿ, ಮಿಠಾಯಿಯನ್ನು ಗಬಕ್ಕನೆ ಕಚ್ಚಿ ಓಡಿದ.

“ನನ್ನ ಅಗಿನಾಲ್ದೊ! ನೀನು ತಗೊಂಡೆ! ತಗೊಂಡೆ!” ಎಂದು ವಿಲ್ಮರ್ ಕಿರುಚಿದ.

“ಕೈಯಲ್ಲಿ ತಗೊಂಡಿಲ್ಲ!” ಬಾಯಿ ತುಂಬ ಮಿಠಾಯಿ ಇಟ್ಟುಕೊಂಡೇ ಚೆಪೆ ಕೂಗಿದ.

ಜಗಳ ತಾತನ ಹತ್ತಿರ ಹೋಯಿತು. ತಾತ ಅಂಗಳದ ಬೆಂಚಿನ ಮೇಲೆ ಕುಳಿತು ಬೆಟ್ಟದ ಕಡೆ ನೋಡುತ್ತಿದ್ದ. ಜೂನ್‌ನಿಂದ ಅವನಿಗೆ ಅದೊಂದೇ ಕೆಲಸ. “ದೇವರು ಕರೆದಾಗ ಹೋಗಲೇಬೇಕು” ಎಂದು ಊರೆಲ್ಲ ಬಂದು ಅವನಿಗೆ ಹೇಳಿತ್ತು. ಅವನು ಹೌದೆಂದು ತಲೆಯಾಡಿಸಿದ್ದ. ಅವಳೊಬ್ಬಳನ್ನೇ ಯಾಕೆ ಕರೆದ ಎನ್ನುವುದನ್ನು ಮಾತ್ರ ಯಾರೂ ಹೇಳಿರಲಿಲ್ಲ.

ತಾತ ಇಬ್ಬರ ವಾದವನ್ನೂ ಕೇಳಿದ.

“ಬಾಯಿ ಕೈಯಲ್ಲ” ಎಂದು ತೀರ್ಪು ಕೊಟ್ಟ.

ವಿಲ್ಮರನ ಮಿಠಾಯಿ ಹೋಯಿತು. ಅದು ಅವನ ಹತ್ತಿರ ಇದ್ದ ಕೊನೆಯ ಮಿಠಾಯಿ.

ಚೆಪೆಗೆ ಇದರಿಂದ ಧೈರ್ಯ ಬಂತು. ನಾಲ್ಕನೆಯ ದಿನ ವಿಲ್ಮರ್ ಸ್ನಾನ ಮಾಡುತ್ತಿದ್ದಾಗ ಟವೆಲ್ ಮಾಯವಾಯಿತು. ಬಾಗಿಲ ಸಂದಿಯಿಂದ ಒಂದು ಪುಟ್ಟ ಕೈ ಟವೆಲ್ ಹಿಡಿದು ಒಳಗೆ ಬಂತು. “ತಗೋ ಅಣ್ಣ, ಚಳಿ ಆಗುತ್ತೆ.” ಆ ಊರು ಬೆಟ್ಟದ ಮೇಲಿನದು. ಡಿಸೆಂಬರಿನ ಬೆಳಿಗ್ಗೆ ಆಲೂಗಡ್ಡೆಯ ಹೊಲದ ಮೇಲೆ ಮಂಜು ಬಿಳಿಯಾಗಿ ಕೂತಿರುತ್ತದೆ. ಆದರೂ ವಿಲ್ಮರ್ ಟವೆಲ್ ಮುಟ್ಟಲಿಲ್ಲ. ಒಂದು ಪ್ಲಾಸ್ಟಿಕ್ ಬಕೆಟ್ ಅಡ್ಡ ಹಿಡಿದುಕೊಂಡು, ಹಲ್ಲು ಕಟಕಟಿಸುತ್ತ ಅಂಗಳ ದಾಟಿ ಓಡಿದ. ಪಕ್ಕದ ಮನೆಯ ಡೋನ್ಯಾ ಮಿರ್ತಾ ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದಳು. ಶಿಲುಬೆಯ ಗುರುತು ಮಾಡಿಕೊಂಡಳು. ಆದರೆ ಕಣ್ಣು ಮುಚ್ಚಿಕೊಳ್ಳಲಿಲ್ಲ.

ಸಂಜೆಯ ಹೊತ್ತಿಗೆ ಊರಿಗೆಲ್ಲ ಬಕೆಟ್ಟಿನ ಸುದ್ದಿ ಗೊತ್ತಾಗಿತ್ತು.

*

ಡಿಸೆಂಬರಿನಲ್ಲಿ ಆ ಬೀದಿಯ ತಟ್ಟೆಗಳಿಗೆ ಕಾಲು ಬರುತ್ತದೆ. ಬೆಲ್ಲ, ಹಾಲು, ಚಕ್ಕೆ ಹಾಕಿ ಕೈಬಿಡದೆ ತಿರುವಿದ ನತೀಯಾ ಒಂದು ಮನೆಯಿಂದ ಹೊರಡುತ್ತದೆ. ಚೀಸ್ ಕಲಸಿ ಕರಿದ ಬುನ್ಯುವೆಲೊ ಉಂಡೆಗಳು ಇನ್ನೊಂದು ಮನೆಯಿಂದ ಬರುತ್ತವೆ. ಬಂದ ತಟ್ಟೆಯನ್ನು ಬರಿದು ಮಾಡಿ ಕಳಿಸುವಂತಿಲ್ಲ. ಹೀಗೆ ಒಂದು ತಟ್ಟೆ ಬೀದಿಗಿಳಿದರೆ ಜನವರಿಯವರೆಗೂ ಮನೆ ಸೇರುವುದಿಲ್ಲ. ಈ ತಟ್ಟೆಗಳನ್ನು ಹೊರುವ ಕೆಲಸ ಮಕ್ಕಳದು.

“ರೊಸಾಲ್ಬಾ ಅತ್ತೆಗೆ ಕೊಟ್ಟು ಬನ್ನಿ” ಎಂದು ಅಮ್ಮ ಆರನೆಯ ದಿನ ಒಂದು ತಟ್ಟೆಗೆ ನತೀಯಾ ಹಾಕಿ ಕೊಟ್ಟಳು. “ನಾನು ಕಳಿಸಿದೆ ಅನ್ನಿ. ನಮಗೇನೂ ಹೊಟ್ಟೆಯುರಿ ಇಲ್ಲ ಅನ್ನೋದು ಗೊತ್ತಾಗಲಿ.”

“ಹಾಗಂತ ಹೇಳಬೇಕಾ ಅಮ್ಮ?” ಚೆಪೆ ಕೇಳಿದ.

“ಹೇಳಬೇಡ! ಸುಮ್ಮನೆ ಕೊಡು.”

ರೊಸಾಲ್ಬಾ ಅತ್ತೆ ಅಪ್ಪನ ಅಕ್ಕ. ಅವಳ ಮನೆ ಅದೇ ಬೀದಿಯಲ್ಲಿ, ಬೇಕರಿಯ ಆಚೆ. ಅವಳು ಬಾಗಿಲು ತೆಗೆದಳು, ತಟ್ಟೆ ನೋಡಿದಳು, ಕೈಗಳನ್ನು ಏಪ್ರನ್ನಿನ ಜೇಬಿಗೆ ಇಳಿಸಿದಳು.

“ನಿಮ್ಮಮ್ಮ ಕಳಿಸಿದ್ಲಾ? ಅಲ್ಲೇ ಮೆಟ್ಟಿಲ ಮೇಲಿಡು ಕಂದ. ಕೈ ಖಾಲಿ ಇಲ್ಲ.”

ಕೈ ಖಾಲಿಯೇ ಇತ್ತು. ಜೇಬಿನಲ್ಲಿ ಹಾಯಾಗಿತ್ತು. ವಿಲ್ಮರ್ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟ. ಅತ್ತೆಯ ನಾಯಿ ಕಪಿತಾನ್ ಅದಕ್ಕಾಗಿಯೇ ಕಾಯುತ್ತಿದ್ದವನಂತೆ ಎದ್ದು ಬಂದ.

ಮರುದಿನ ಅತ್ತೆ ತನ್ನ ತಟ್ಟೆಯಲ್ಲಿ ಬುನ್ಯುವೆಲೊ ಕೊಟ್ಟು ಕಳಿಸಿದಳು. ಅಮ್ಮ ತಟ್ಟೆಯ ಕಡೆ ನೋಡಲೇ ಇಲ್ಲ.

“ಒಲೆಯ ಪಕ್ಕ ಇಡಿ. ಯಾರಿಗಾದ್ರೂ ಬೇಕಾದ್ರೆ ತಿನ್ನಲಿ.”

ಯಾರಿಗಾದರೂ ಎಂದರೆ ಅಪ್ಪ. ಅವನು ಹಾಲಿನ ಲಾರಿ ಓಡಿಸುತ್ತಿದ್ದ. ಬೆಳಿಗ್ಗೆ ಅಕ್ಕನ ಮನೆಯ ಮುಂದೆ ಲಾರಿ ನಿಲ್ಲಿಸಿ ತಿನ್ನುತ್ತಿದ್ದ, ಮಧ್ಯಾಹ್ನ ಮನೆಗೆ ಬಂದು ತಿನ್ನುತ್ತಿದ್ದ. ಅಲ್ಲಿ “ನಿನ್ನ ಹೆಂಡತಿಗೆ ಹೇಳು” ಎಂದು ಬೈಸಿಕೊಳ್ಳುತ್ತಿದ್ದ, ಇಲ್ಲಿ “ನಿಮ್ಮಕ್ಕನಿಗೆ ಹೇಳಿ” ಎಂದು ಬೈಸಿಕೊಳ್ಳುತ್ತಿದ್ದ. ಯಾರಿಗೂ ಏನೂ ಹೇಳುತ್ತಿರಲಿಲ್ಲ. ಆ ಡಿಸೆಂಬರಿನಲ್ಲಿ ದಪ್ಪಗಾದವರು ಇಬ್ಬರೇ, ಅಪ್ಪ ಮತ್ತು ಕಪಿತಾನ್.

ಜಗಳ ಬಾಲ ಯೇಸುವಿನದು. ಅಜ್ಜಿಯ ಬಾಲ ಯೇಸು ಮಣ್ಣಿನದು, ಒಂದು ಗೇಣು ಉದ್ದ. ಅಜ್ಜಿಗೆ ಅದನ್ನು ಅವಳ ಅಮ್ಮ ಕೊಟ್ಟದ್ದು. ಅಜ್ಜಿಯನ್ನು ಮಣ್ಣು ಮಾಡಿ ಒಂಬತ್ತು ದಿನದ ಪ್ರಾರ್ಥನೆ ಮುಗಿದ ಸಂಜೆ, ರೊಸಾಲ್ಬಾ ಅತ್ತೆ ಅದನ್ನು ಹತ್ತಿಯಲ್ಲಿ ಸುತ್ತಿ ಶೂ ಡಬ್ಬದಲ್ಲಿಟ್ಟುಕೊಂಡು ಹೋದಳು. “ನನ್ನಮ್ಮಂದು” ಎಂದಳು. “ಆರು ವರ್ಷ ನಿಮ್ಮಮ್ಮನಿಗೆ ಸ್ನಾನ ಮಾಡಿಸಿದೋಳು ನಾನು” ಎಂದಳು ಅಮ್ಮ. ಇಬ್ಬರೂ ಹೇಳಿದ್ದು ನಿಜವೇ. ನಿಜ ಹೇಳಿದವರು ಬಲು ಗಟ್ಟಿಯಾಗಿ ನಿಲ್ಲುತ್ತಾರೆ. ಪಕ್ಕಕ್ಕೆ ಸರಿಯುವುದು ಅವರಿಗೆ ಕಷ್ಟ.

ಈಗ ಬಾಲ ಯೇಸು ಅತ್ತೆಯ ಮನೆಯಲ್ಲಿ, ಗೋದಲಿ ಅಮ್ಮನ ಮನೆಯಲ್ಲಿ. ಬೆಟ್ಟದಿಂದ ತಂದ ಪಾಚಿ, ಪೆಟ್ಟಿಗೆಗಳ ಮೇಲೆ ಹರಡಿದ ಹಸಿರು ಗುಡ್ಡ, ಕನ್ನಡಿಯ ಚೂರಿನ ಕೆರೆ, ಮೇಲೆ ಹುಲ್ಲಿನ ಪುಟ್ಟ ತೊಟ್ಟಿಲು. ತೊಟ್ಟಿಲು ಇಪ್ಪತ್ತನಾಲ್ಕರ ಸಂಜೆಯವರೆಗೆ ಖಾಲಿ ಇರಬೇಕಾದದ್ದೇ. ಈ ಸಲ ಆಮೇಲೂ ಖಾಲಿ ಇರುತ್ತದೋ ಏನೋ ಎಂದು ಬೀದಿಯೆಲ್ಲ ಕುತೂಹಲದಿಂದ ಕಾಯುತ್ತಿತ್ತು. ತಾತ ಮಾತ್ರ ಜಪ ಮುಗಿದ ಮೇಲೂ ಎದ್ದು ಹೋಗದೆ ಆ ತೊಟ್ಟಿಲನ್ನೇ ನೋಡುತ್ತ ಕೂರುತ್ತಿದ್ದ.

ಬುನ್ಯುವೆಲೊ ತಟ್ಟೆ ಇಟ್ಟು ಅಂಗಳಕ್ಕೆ ಬಂದಾಗ ಚೆಪೆ ಕೇಳಿದ:

“ಅಣ್ಣ, ಅಮ್ಮ ಅತ್ತೆ ಯಾವಾಗ ಶುರು ಮಾಡಿದ್ರು?”

“ಏನನ್ನ?”

“ಪಂದ್ಯನ. ನಮ್ಮ ಥರಾನೇ ಆಡ್ತಿದಾರಲ್ಲ.”

ವಿಲ್ಮರ್ ಹೊಟ್ಟೆ ಹಿಡಿದು ನಕ್ಕ. “ಲೋ ಪೆದ್ದ! ಅವರು ಆಟ ಆಡ್ತಿಲ್ಲ ಕಣೋ. ಅವರಿಗೆ ಜಗಳ.”

“ಓ” ಎಂದ ಚೆಪೆ. “ಹಾಗಾದ್ರೆ ಇಪ್ಪತ್ತನಾಲ್ಕಕ್ಕೆ ಮುಗಿಯಲ್ವಾ?”

“ಮೂಗು ಒರೆಸ್ಕೋ ಮೊದಲು” ಎಂದ ವಿಲ್ಮರ್. ಒರೆಸಿಕೊಳ್ಳಲು ಕರವಸ್ತ್ರವನ್ನೂ ಚಾಚಿದ.

ಚೆಪೆ ಮೂಗನ್ನು ರುವಾನಾದಿಂದಲೇ ಒರೆಸಿಕೊಂಡ.

*

ಅವರ ಮನೆಯಲ್ಲಿ ಯೇಸು ಹುಟ್ಟುವುದು ರಾತ್ರಿ ಹನ್ನೆರಡಕ್ಕಲ್ಲ, ಎಂಟಕ್ಕೆ. ತಾತ ಒಂಬತ್ತಕ್ಕೆ ಮಲಗುತ್ತಾನೆ, ಅವನಿಲ್ಲದೆ ಹುಟ್ಟುವುದು ಬೇಡ ಎಂದು ಅಜ್ಜಿ ಎಷ್ಟೋ ವರ್ಷದ ಹಿಂದೆ ತೀರ್ಮಾನಿಸಿದ್ದಳು. ಪಾದ್ರಿಗಳು ಒಮ್ಮೆ ಆಕ್ಷೇಪಿಸಿದಾಗ, “ಫಾದರ್, ಮಗು ಯಾವಾಗ ಹುಟ್ಟಬೇಕು ಅಂತ ಗಂಡಸರು ಹೇಳೋಕಾಗುತ್ತಾ?” ಎಂದು ಕೇಳಿದ್ದಳಂತೆ. ಪಾದ್ರಿಗಳು ಮತ್ತೆ ಆ ಮಾತೆತ್ತಲಿಲ್ಲ.

ಇಪ್ಪತ್ತನಾಲ್ಕರ ಸಂಜೆ ಏಳಕ್ಕೆ ಮನೆ ತುಂಬಿತು. ಡೋನ್ಯಾ ಮಿರ್ತಾ ಎಲ್ಲರಿಗಿಂತ ಮೊದಲು ಬಂದು, ಬಾಗಿಲೂ ತೊಟ್ಟಿಲೂ ಎರಡೂ ಕಾಣುವಂಥ ಕುರ್ಚಿ ಹಿಡಿದಳು. ಜಪ ಶುರುವಾಯಿತು. ವಿಲ್ಮರ್ ಗೋದಲಿಯ ಪಕ್ಕ ನಿಂತಿದ್ದ. ಗಿಲಕಿ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಪಂದ್ಯ ಮುಗಿಯುವವರೆಗೆ ಯಾರೂ ಮುಟ್ಟುವಂತಿರಲಿಲ್ಲ. ಇನ್ನೊಂದು ಗಂಟೆ. ಮಗು ತೊಟ್ಟಿಲಿಗೆ ಬಿದ್ದರೆ ಪಂದ್ಯ ಮುಗಿದಂತೆ. ಇಬ್ಬರೂ ಸೋಲದಿದ್ದರೆ ಗಿಲಕಿ ದೊಡ್ಡವನಿಗೆ. ಈ ನಿಯಮವನ್ನೂ ವಿಲ್ಮರನೇ ಮಾಡಿದ್ದ.

ಏಳೂಮುಕ್ಕಾಲಿಗೆ ರೊಸಾಲ್ಬಾ ಅತ್ತೆ ಬಂದಳು. ಕೈಯಲ್ಲಿ ಶೂ ಡಬ್ಬವಿತ್ತು.

ಜಪ ನಿಲ್ಲಲಿಲ್ಲ, ಆದರೆ ಎಲ್ಲರ ಕಣ್ಣೂ ಪುಸ್ತಕ ಬಿಟ್ಟು ಡಬ್ಬದ ಮೇಲೆ ಹೋಯಿತು. ಅತ್ತೆ ಯಾರನ್ನೂ ನೋಡದೆ ಬಂದು ಅಮ್ಮನ ಪಕ್ಕದಲ್ಲೇ ನಿಂತಳು. ಬೇರೆಲ್ಲೂ ಜಾಗವಿರಲಿಲ್ಲ.

“ನಮ್ಮಪ್ಪನಿಗೋಸ್ಕರ ಬಂದೆ” ಎಂದಳು, ಗೋಡೆಗೆ ಹೇಳುವವಳಂತೆ.

“ಬರಬೇಡಿ ಅಂತ ಯಾರೂ ಹೇಳಿಲ್ಲವಲ್ಲ” ಎಂದಳು ಅಮ್ಮ, ಒಲೆಗೆ ಹೇಳುವವಳಂತೆ.

ಜಪ ಮುಗಿಯಿತು. ಹಾಡು ಮುಗಿಯಿತು. ಗಿಲಕಿ ಇಲ್ಲದ ಹಾಡು ಸಪ್ಪಗೆ ಕೇಳಿಸಿತು. ಆಮೇಲೆ ಅಜ್ಜಿಯ ಪದ್ಧತಿ. ಅವಳ ಮನೆಯಲ್ಲಿ ಬಾಲ ಯೇಸು ಡಬ್ಬದಿಂದ ನೇರವಾಗಿ ತೊಟ್ಟಿಲಿಗೆ ಹೋಗುವುದಿಲ್ಲ. ಒಬ್ಬರು ಎತ್ತಿಕೊಂಡು ಪಾದಕ್ಕೆ ಮುತ್ತಿಡಬೇಕು, ಮುಂದಿನವರ ಕೈಗೆ ಕೊಡಬೇಕು. ಹಾಗೆ ಕೈಯಿಂದ ಕೈಗೆ ಮನೆಯೆಲ್ಲ ಸುತ್ತಿ, ಕೊನೆಗೆ ಎಲ್ಲರಿಗಿಂತ ಚಿಕ್ಕವರು ತೊಟ್ಟಿಲಲ್ಲಿ ಮಲಗಿಸಬೇಕು.

ಅತ್ತೆ ಹತ್ತಿ ಬಿಚ್ಚಿದಳು. ಪಾದಕ್ಕೆ ಮುತ್ತಿಟ್ಟಳು. ಅವಳ ಕಣ್ಣು ಒದ್ದೆಯಾಯಿತು. ಅದೇನೂ ನಾಟಕವಲ್ಲ. ಆಮೇಲೆ ಅಮ್ಮನ ಕಡೆ ತಿರುಗಿ, ಮಗುವನ್ನು ಚಾಚಿದಳು.

ಅಮ್ಮ ನೋಡಿದಳು. ಎಲ್ಲರೂ ಅಮ್ಮನನ್ನು ನೋಡಿದರು. ಡೋನ್ಯಾ ಮಿರ್ತಾ ಕುರ್ಚಿಯ ತುದಿಗೆ ಬಂದಳು.

“ನನ್ನ ಕೈಯೆಲ್ಲ ಎಣ್ಣೆ” ಎಂದಳು ಅಮ್ಮ. “ಮೇಜಿನ ಮೇಲಿಡಿ.”

“ಮೇಜಿನ ಮೇಲಾ? ಗ್ಲಾದಿಸ್, ಇದು ಮಗು. ಉಪ್ಪಿನ ಡಬ್ಬಿಯಲ್ಲ.”

“ಶೂ ಡಬ್ಬದಲ್ಲಿ ಆರು ತಿಂಗಳು ಮಲಗಿದ ಮಗು ಅತ್ತಿಗೆ, ಮೇಜಿನ ಮೇಲೆ ಎರಡು ನಿಮಿಷ ಮಲಗಿದ್ರೆ ಏನೂ ಆಗಲ್ಲ.”

“ಗ್ಲಾದಿಸ್...” ಎಂದ ಅಪ್ಪ. ಆಮೇಲೆ “ಅಕ್ಕಾ...” ಎಂದ. ಆಮೇಲೆ ತನ್ನ ಬೂಟುಗಳನ್ನು ನೋಡುತ್ತ ನಿಂತ.

ಬಾಲ ಯೇಸು ಅತ್ತೆಯ ಚಾಚಿದ ಕೈಯಲ್ಲೇ ಉಳಿಯಿತು. ಬೇಗ ಬಾ ಎಂದು ಒಂಬತ್ತು ದಿನ ಅವನನ್ನು ಬೇಡಿಕೊಂಡ ಮನೆ. ಈಗ ಅವನು ಬಂದಿದ್ದಾನೆ, ಹಿಡಿಯಲು ಯಾರಿಗೂ ಕೈ ಇಲ್ಲ. ತಾತ ಕುರ್ಚಿಯಲ್ಲಿ ತಲೆ ತಗ್ಗಿಸಿದ.

ಆಗ ಅತ್ತೆಗೂ ಅಮ್ಮನಿಗೂ ನಡುವೆ ರುವಾನಾ ಒಂದು ತೂರಿಕೊಂಡು ಬಂತು. ಅದರೊಳಗಿಂದ ಎರಡು ಪುಟ್ಟ ಕೈಗಳು ಹೊರಬಂದವು. ಒಂಬತ್ತು ದಿನದಲ್ಲಿ ಮೊದಲ ಸಲ ಏನನ್ನಾದರೂ ತೆಗೆದುಕೊಳ್ಳಲೆಂದು ಬಂದ ಕೈಗಳು.

“ನಂಗೆ ಕೊಡಿ ಅತ್ತೆ” ಎಂದ ಚೆಪೆ. ಮಗುವನ್ನು ಎದೆಗೊತ್ತಿಕೊಂಡು ಪಾದಕ್ಕೆ ಪಚಕ್ಕನೆ ಮುತ್ತಿಟ್ಟ. ಆಮೇಲೆ ತಿರುಗಿದ. ಅವನ ಪಕ್ಕದಲ್ಲಿ ನಿಂತಿದ್ದವನು ವಿಲ್ಮರ್.

“ತಗೋ ಅಣ್ಣ.”

ವಿಲ್ಮರನ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋದವು.

ಗೋಡೆಯ ಮೇಲೆ ಗಿಲಕಿ ಕಾಣುತ್ತಿತ್ತು. ಇನ್ನೇನು ಐದು ನಿಮಿಷ. ಚಳಿಯಲ್ಲಿ ಬಕೆಟ್ ಹಿಡಿದು ಓಡಿದ್ದು, ತಣ್ಣಗಿನ ಚಾಕಲೇಟು ಕುಡಿದದ್ದು, ಊರೆಲ್ಲ ನಕ್ಕದ್ದು ಎಲ್ಲ ಇದಕ್ಕಾಗಿ. ಚೆಪೆಯ ಕಣ್ಣು ನೋಡಿದ. ಅದರಲ್ಲಿ ತಂಟೆ ಇದೆಯೋ ಇಲ್ಲವೋ ತಿಳಿಯಲಿಲ್ಲ.

“ಮೇಜಿನ ಮೇಲಿಡು” ಎಂದ ವಿಲ್ಮರ್.

ಹೇಳಿದ ಮೇಲೆ ಅವನಿಗೆ ತನ್ನ ದನಿ ಕೇಳಿಸಿತು. ಅದು ತನ್ನದಲ್ಲ ಅನ್ನಿಸಿತು. ಈಗಷ್ಟೇ ಇದೇ ಕೋಣೆಯಲ್ಲಿ, ಇದೇ ಮಾತು, ಇದೇ ಬಿಗಿಯಲ್ಲಿ ಕೇಳಿದ್ದ. ಅವನು ಅಮ್ಮನ ಕಡೆ ನೋಡಿದ. ಅಮ್ಮ ಅವನನ್ನೇ ನೋಡುತ್ತಿದ್ದಳು. ಕೆನ್ನೆಗೆ ಯಾರೋ ಹೊಡೆದಂತೆ ಅವಳ ಮುಖ ಕೆಂಪಾಗಿತ್ತು. ಎಣ್ಣೆಯ ಕೈಗಳನ್ನು ಅವಳು ಬೆನ್ನ ಹಿಂದೆ ಇಟ್ಟುಕೊಂಡಿದ್ದಳು, ಅವನ ಹಾಗೆಯೇ.

ಗೆದ್ದರೆ ಅವಳಿಗೆ ಏನು ಸಿಗುತ್ತದೆ?

ವಿಲ್ಮರ್ ಕೈ ಮುಂದೆ ತಂದ. ಮಗುವನ್ನು ತೆಗೆದುಕೊಂಡ.

ಮಣ್ಣಿನ ಪಾದ ತಣ್ಣಗಿತ್ತು. ಬೆರಳುಗಳ ಬಣ್ಣವೆಲ್ಲ ಹೋಗಿ ನುಣುಪಾಗಿತ್ತು. ಅಜ್ಜಿಯ ತುಟಿ ಅಷ್ಟೊಂದು ವರ್ಷ ತಾಕಿದ್ದು ಅಲ್ಲೇ. ಅವನು ಅದೇ ಜಾಗಕ್ಕೆ ತುಟಿ ಇಟ್ಟ.

“ನನ್ನ ಅಗಿನಾಲ್ದೊ!”

ಚೆಪೆಯ ಕೂಗಿಗೆ ಡೋನ್ಯಾ ಮಿರ್ತಾಳ ಜಪಮಾಲೆ ಕೈಜಾರಿ ಬಿತ್ತು.

“ತಗೊಂಡ! ಅಣ್ಣ ಕೈಯಲ್ಲೇ ತಗೊಂಡ! ಎಲ್ಲರೂ ನೋಡಿದ್ರಿ! ಯೇಸುವೂ ನೋಡಿದ!” ಎಂದು ಚೆಪೆ ಕುಣಿಯತೊಡಗಿದ.

ಆಮೇಲೆ ಕುರ್ಚಿಯಿಂದ ಒಂದು ಸದ್ದು ಬಂತು. ತುಕ್ಕು ಹಿಡಿದ ಬಾಗಿಲು ತೆರೆದಂಥ ಸದ್ದು. ತಾತ ನಗುತ್ತಿದ್ದ. ಜೂನ್‌ನಿಂದ ಉಪಯೋಗಿಸದ ನಗು ಸರಿಯಾಗಿ ಬರದೆ ಕೆಮ್ಮಾಗಿ, ಮತ್ತೆ ನಗುವಾಗಿ, ಕಣ್ಣಲ್ಲಿ ನೀರಾಗಿ ಬಂತು.

“ದೆಲ್ಫಿನಾ ಇರಬೇಕಿತ್ತು” ಎಂದ. “ಅವಳು ಇರಬೇಕಿತ್ತು ಇದಕ್ಕೆ.”

ಅಜ್ಜಿಯ ಹೆಸರನ್ನು ತಾತ ಹೇಳಿದ್ದು ಆರು ತಿಂಗಳಲ್ಲಿ ಅದೇ ಮೊದಲು.

ವಿಲ್ಮರ್ ಮಗುವನ್ನು ಅವನ ಮಡಿಲಿಗೆ ಕೊಟ್ಟ. ತಾತ ಬಹಳ ಹೊತ್ತು ಹಿಡಿದುಕೊಂಡು ಕೂತ. ಯಾರೂ ಅವಸರ ಮಾಡಲಿಲ್ಲ. ಆಮೇಲೆ ತಲೆ ಎತ್ತಿ, “ಗ್ಲಾದಿಸ್, ಎಣ್ಣೆ ಇದ್ರೆ ಇರಲಿ, ಬಾಮ್ಮ” ಎಂದ.

ಅಮ್ಮ ಏಪ್ರನ್ನಿಗೆ ಕೈ ಒರೆಸಿಕೊಂಡು ಬಂದಳು. ಒಮ್ಮೆ ಒರೆಸಿಕೊಂಡಳು, ಇನ್ನೊಮ್ಮೆ ಒರೆಸಿಕೊಂಡಳು. ಎರಡೂ ಕೈಯಲ್ಲಿ ಮಗುವನ್ನು ತೆಗೆದುಕೊಂಡಳು.

ಎಂಟು ಗಂಟೆ ಹತ್ತು ನಿಮಿಷಕ್ಕೆ, ಸ್ಟೂಲಿನ ಮೇಲೆ ನಿಂತ ಚೆಪೆ ಬಾಲ ಯೇಸುವನ್ನು ತೊಟ್ಟಿಲಲ್ಲಿ ಮಲಗಿಸಿದ. ಹತ್ತು ನಿಮಿಷ ತಡವಾದದ್ದಕ್ಕೆ ಮಗುವಿನಿಂದ ಯಾವ ದೂರೂ ಬರಲಿಲ್ಲ.

*

ಆಮೇಲೆ ಎಲ್ಲರಿಗೂ ಬಿಸಿ ಚಾಕಲೇಟು. ಅಮ್ಮ ಲೋಟಗಳನ್ನು ಹಂಚುತ್ತ ಬಂದಳು. ರೊಸಾಲ್ಬಾ ಅತ್ತೆಯ ಮುಂದೆ ಬಂದಾಗ ನಿಂತಳು. ಲೋಟ ಚಾಚಿದಳು.

ಅತ್ತೆ ಲೋಟ ನೋಡಿದಳು. ಅವಳ ಕಣ್ಣು ಪಕ್ಕದ ಮೇಜಿನ ಕಡೆ ಹೋಯಿತು. ಮೇಜಿನ ಮೂಲೆಯಲ್ಲಿ ಒಂದು ಲೋಟ ಇಡುವಷ್ಟು ಜಾಗ ಖಾಲಿ ಇತ್ತು.

ಅದನ್ನು ವಿಲ್ಮರನೂ ನೋಡಿದ. ಎರಡೇ ಹೆಜ್ಜೆಯಲ್ಲಿ ಬಂದು, ಕೈಯಲ್ಲಿದ್ದ ಬುನ್ಯುವೆಲೊ ತಟ್ಟೆಯನ್ನು ಆ ಜಾಗದಲ್ಲಿ ಇಟ್ಟುಬಿಟ್ಟ.

ಅತ್ತೆ ಅವನನ್ನು ದುರುಗುಟ್ಟಿ ನೋಡಿದಳು. ಅವನು ಏನೂ ಗೊತ್ತಿಲ್ಲದವನಂತೆ ಮೇಲಿನ ಬಲ್ಬು ನೋಡುತ್ತ ನಿಂತ. ಲೋಟದಿಂದ ಹಬೆ ಏಳುತ್ತಿತ್ತು. ಅಮ್ಮನ ಬೆರಳು ಸುಡುತ್ತಿದ್ದಿರಬೇಕು, ಆದರೆ ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲ.

ಅತ್ತೆ ಲೋಟ ತೆಗೆದುಕೊಂಡಳು. ಒಂದು ಗುಟುಕು ಕುಡಿದಳು.

“ಬೆಲ್ಲ ಕಡಿಮೆ.”

“ಅಮ್ಮ ಇಷ್ಟೇ ಹಾಕ್ತಿದ್ರು.”

“ಅಮ್ಮ ಇದಕ್ಕಿಂತ ಜಾಸ್ತಿ ಹಾಕ್ತಿದ್ರು.”

“ಹಾಗಾದ್ರೆ ನಾಳೆ ನೀವೇ ಬಂದು ಹಾಕಿ.”

“ಬರ್ತೀನಿ ಬಿಡು. ನನಗೇನು ಹೆದರಿಕೆಯಾ?”

ಡೋನ್ಯಾ ಮಿರ್ತಾ ನಿಟ್ಟುಸಿರು ಬಿಟ್ಟು, ಶಾಲು ಹೊದ್ದು ಮನೆಗೆ ಹೊರಟಳು. ಅವಳ ಹಬ್ಬ ಮುಗಿದಿತ್ತು.

ವಿಲ್ಮರ್ ಸ್ಟೂಲು ಹತ್ತಿ, ಮೊಳೆಯಿಂದ ಗಿಲಕಿ ತೆಗೆದು ಚೆಪೆಗೆ ಕೊಟ್ಟ. ಚೆಪೆ ರುವಾನಾವನ್ನೇ ಕಿತ್ತೆಸೆದು ಅದನ್ನು ಕುಲುಕುತ್ತ ಅಂಗಳಕ್ಕೆ ಓಡಿದ. ಇಪ್ಪತ್ತಮೂರು ಮುಚ್ಚಳಗಳೂ ಒಟ್ಟಿಗೆ ಬಡಿದುಕೊಂಡವು. ಬೇಕರಿಯ ಆಚೆ ಕಪಿತಾನ್ ಬೊಗಳಿದ.

ವಿಲ್ಮರ್ ಹಿಂದೆಯೇ ಹೋಗಿ ಬೆಂಚಿನ ಹತ್ತಿರ ನಿಂತ.

“ಬೇಕಂತಲೇ ಮಾಡಿದ್ಯಾ?” ಎಂದು ಕೇಳಿದ.

“ಏನು?”

“ಯೇಸುನ ನಂಗೆ ಕೊಟ್ಟಿದ್ದು.”

ಚೆಪೆ ಪ್ರಾಮಾಣಿಕವಾಗಿ ಯೋಚಿಸಿದ. “ಮೊದಲು ಇಲ್ಲ. ಆಮೇಲೆ ನೀನು ಕೈ ಹಿಂದೆ ಇಟ್ಕೊಂಡ್ಯಲ್ಲ, ಆಗ ನೆನಪಾಯ್ತು.”

“ಕಳ್ಳ.”

“ನೀನೇ ಪೆದ್ದ.”

ಗಿಲಕಿ ಇನ್ನಷ್ಟು ಹೊತ್ತು ಸದ್ದು ಮಾಡಿತು. ಚಳಿಗೆ ಚೆಪೆಯ ಮೂಗು ಸೋರತೊಡಗಿತು. ಒರೆಸಿಕೊಳ್ಳಲು ರುವಾನಾ ಒಳಗೆ ಬಿದ್ದಿತ್ತು. ಅವನು ಜೇಬು ತಡಕಿದ. ಒಂದು ಕೈಯಲ್ಲಿ ಆಗಲಿಲ್ಲ.

“ಅಣ್ಣ, ಇದನ್ನ ಸ್ವಲ್ಪ ಹಿಡ್ಕೋ” ಎಂದು ಗಿಲಕಿ ಚಾಚಿದ.

ವಿಲ್ಮರ್ ಅನುಮಾನದಿಂದ ನೋಡಿದ. “ಪಂದ್ಯ ಮುಗೀತಲ್ವಾ?”

“ಮುಗೀತು.”

“ಆಣೆ?”

“ಆಣೆ. ಹಿಡ್ಕೋ ಬೇಗ, ಸೋರ್ತಿದೆ!”

ವಿಲ್ಮರ್ ಒಮ್ಮೆ ಬೆಂಚಿನ ಕಡೆ ನೋಡಿದ. ಅದರ ಮೇಲೆ ಗಿಲಕಿ ಇಡಲು ಬೇಕಾದಷ್ಟು ಜಾಗವಿತ್ತು.

ಅವನು ಕೈ ಚಾಚಿದ.